ಹಳೇ ಸಿಜೆ3ಬಿ: 40 ದಾಟಿದ್ರೆ ‘ಗೊಂಯ್’, ರಿವರ್ಸ್‌ಗೆ ಹಾಕಿದ್ರೆ ‘ಟಕ್’

ಘಟ್ಟದಗಾಡಿ:
ಸಕಲೇಶಪುರದ ಕಡೆ ತೋಟದ ಜೀಪು, ಹಳೇ ಸಿಜೆ3ಬಿ ಮಾಡೆಲ್. ಮೂರು ಗೇರು, ಟ್ರಾನ್ಸ್‌ಫರ್ ಕೇಸ್‌ಗೆ (ಗೇರ್‌ಬಾಕ್ಸ್‌ನಿಂದ ಮುಂದಿನ-ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚೋ ಪೆಟ್ಟಿಗೆ) ಎರಡು ಲಿವರ್. ಟೂ-ವೀಲ್ ಡ್ರೈವ್‌ನಲ್ಲೇ 40 ಕಿ.ಮೀ. ವೇಗ ದಾಟಿದ್ರೆ ಗೊಂಯ್ ಅಂತ ಕೂಗುತ್ತೆ, ಆಕ್ಸಿಲರೇಟರ್ ಬಿಟ್ಟರೆ ಸದ್ದು ಇಳಿಯುತ್ತೆ. ಫಸ್ಟಿಂದ ರಿವರ್ಸ್‌ಗೆ ಹಾಕಿದಾಗ ಅಡಿಯಲ್ಲಿ ಟಕ್ ಅನ್ನುತ್ತೆ. ಗ್ಯಾರೇಜಿನವರು ಕ್ರೌನ್-ಪಿನಿಯನ್ (ಆಕ್ಸಲ್ ಒಳಗಿನ ಮುಖ್ಯ ಗೇರ್ ಜೋಡಿ) ಸೆಟ್ಟೇ ಬದಲಿಸಿ ಅಂತಾರೆ. ಬಿಚ್ಚೋ ಮೊದಲು ಏನೇನು ನೋಡ್ಬೇಕು?

ಸ್ಪ್ಲೈನ್:
ಈಗಲೇ ದುಡ್ಡು ಸುರೀಬೇಡಿ ಸರ್. ಎರಡು ಸದ್ದಿಗೂ ಒಂದೇ ಕಾರಣ ಇರಬೇಕಂತಿಲ್ಲ. ಮೊದಲು ‘ಟಕ್’ ನೋಡಿ, ಅದು ಅಗ್ಗದ ಕೆಲಸ.

ಸಮತಟ್ಟು ಜಾಗ, ನಾಲ್ಕೂ ಚಕ್ರಕ್ಕೆ ಕಲ್ಲು, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಟ್ರಾನ್ಸ್‌ಫರ್ ಕೇಸ್‌ನಿಂದ ಆಕ್ಸಲ್‌ಗೆ ಹೋಗೋ ಉದ್ದ ದಂಡ) ಹಿಡಿದು ಆ ಕಡೆ ಈ ಕಡೆ ತಿರುಚಿ. ಶಾಫ್ಟ್ ತುದಿಯ ಕವೆಗೂ (ಯೋಕ್) ಅದರೊಳಗಿನ ಕೂಡುಗಂಬಿಗೂ (ಕ್ರಾಸ್) ನಡುವೆ ಕೂದಲೆಳೆಯಷ್ಟು ಆಟ ಕಂಡರೂ ಆ ಕ್ರಾಸ್ ಮುಗಿದಂತೆ. ಕ್ರಾಸ್ ತುದಿಯ ಬೇರಿಂಗ್ ಕಪ್ಪಿನ ಅಂಚಲ್ಲಿ ಕೆಂಪು ತುಕ್ಕಿನ ಪುಡಿ ಇದ್ರೆ ಒಳಗೆ ಗ್ರೀಸ್ ಒಣಗಿದೆ. ಕ್ರಾಸ್ ಗಟ್ಟಿ ಇದ್ದು ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಗುಂಡು) ಕಡೆಯ ಫ್ಲಾಂಜೇ, ಅಂದ್ರೆ ಶಾಫ್ಟ್ ಕೂಡೋ ತುದಿಯೇ ತಿರುಗಿದ್ರೆ ಆಟ ಒಳಗಿದೆ; ಸ್ವಲ್ಪ ತಿರುಗೋದು ಸಹಜ, ಫ್ಲಾಂಜ್ ಮೇಲೆ ಕೆಳಗೆ ಅಲುಗಿದ್ರೆ ಮಾತ್ರ ಪಿನಿಯನ್ ಬೇರಿಂಗ್ ಹೋಗಿದೆ.

ಶಾಫ್ಟ್ ಇಳಿಸೋ ಮೊದಲು ಸ್ಲಿಪ್ ಜಾಯಿಂಟ್‌ಗೆ (ಶಾಫ್ಟ್ ಒಂದರೊಳಗೊಂದು ಜಾರೋ ಕೂಡು) ಗುರುತು ಹಾಕಿ. ಎರಡು ತುದಿಯ ಯೋಕ್ ಒಂದೇ ನೇರಕ್ಕೆ ಬರದಿದ್ರೆ ಹೊಸ ಕ್ರಾಸ್ ಹಾಕಿದ್ರೂ ನಡುಕ ನಿಲ್ಲಲ್ಲ. ಆಕ್ಸಲ್‌ನ ಸ್ಪ್ರಿಂಗಿಗೆ ಬಿಗಿಯೋ ಯು-ಬೋಲ್ಟ್ ಸಡಿಲಾದ್ರೂ ಇದೇ ಟಕ್ ಬರುತ್ತೆ, ಒಂದು ಸಲ ಬಿಗಿ ಮಾಡಿ ನೋಡಿ.

ಮೂರನೇಗೇರ್:
ಕೂಗಿಗೆ ನನ್ನ ಅನುಮಾನ ಟ್ರಾನ್ಸ್‌ಫರ್ ಕೇಸ್ ಮೇಲೆ. ಇದರ ಟ್ರಾನ್ಸ್‌ಫರ್ ಕೇಸ್ ಸ್ಪೈಸರ್ 18 ಮಾಡೆಲ್; ಅದರಲ್ಲಿ ಹೈ ರೇಂಜ್‌ನಲ್ಲೂ (ಮಾಮೂಲಿ ವೇಗದ ಸ್ಥಾನ) ಶಕ್ತಿ ನಡುವಿನ ಇಂಟರ್‌ಮೀಡಿಯೆಟ್ ಗೇರ್ ಮೂಲಕವೇ ಹೋಗೋದು, ಅದಕ್ಕೆ ವಿಶ್ರಾಂತಿ ಇಲ್ಲ. ಅದರ ನೀಡಲ್ ರೋಲರ್, ಶಾಫ್ಟ್ ಎರಡೂ ಸವೆಯುತ್ತವೆ. ಸ್ವಲ್ಪ ಕೂಗು ಹುಟ್ಟುಗುಣ. ಹೊಸದಾಗಿ ಜೋರಾಗಿದ್ರೆ ಮಾತ್ರ ಚಿಂತೆ.

ಗಾಡಿ ನಿಂತಲ್ಲೇ ಟ್ರಾನ್ಸ್‌ಫರ್ ನ್ಯೂಟ್ರಲ್‌ಗೆ ಹಾಕಿ, ಗೇರ್ ಮೂರಕ್ಕೆ ಹಾಕಿ, ಕ್ಲಚ್ ಬಿಟ್ಟು ರೇಸ್ ಮಾಡಿ. ಈಗ ತಿರುಗೋದು ಗೇರ್‌ಬಾಕ್ಸ್, ಇಂಟರ್‌ಮೀಡಿಯೆಟ್ ಗೇರ್ ಮತ್ತು ಅದಕ್ಕೆ ಕೂಡಿದ ಗೇರ್; ಆಕ್ಸಲ್ ತಿರುಗಲ್ಲ. ಇಲ್ಲೇ ಕೂಗಿದ್ರೆ ಆಕ್ಸಲ್ ಮುಟ್ಟಬೇಡಿ. ಆಮೇಲೆ ಗೇರ್ ನ್ಯೂಟ್ರಲ್ ಮಾಡಿ: ಆಗಲೂ ಸದ್ದಿದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಬೇರಿಂಗ್. ಲೋಡ್ ಇಲ್ಲದ ಪರೀಕ್ಷೆ ಇದು, ಸದ್ದು ಬರದಿದ್ರೆ ಪೂರ್ತಿ ಖುಲಾಸೆ ಅಂತಲ್ಲ.

ಟ್ರಾನ್ಸ್‌ಫರ್ ಕೇಸ್ ಎಣ್ಣೆ ಇಳಿಸಿ ಕೆಳಗಿನ ತಗಡಿನ ಮುಚ್ಚಳ ಬಿಚ್ಚಿದ್ರೆ ಇಂಟರ್‌ಮೀಡಿಯೆಟ್ ಗೇರ್ ಕೈಗೇ ಸಿಗುತ್ತೆ, ಅಲ್ಲಾಡಿಸಿ ನೋಡಿ. ರೋಲರ್, ಶಾಫ್ಟ್, ಥ್ರಸ್ಟ್ ವಾಷರ್ ಒಟ್ಟಿಗೇ ಬದಲಿಸಿ. ಹಳೇ ಶಾಫ್ಟ್ ಮೇಲೆ ಗೀರಿದ್ರೆ ಹೊಸ ರೋಲರ್ ಬಹಳ ದಿನ ಬಾಳಲ್ಲ. ಟ್ರಾನ್ಸ್‌ಫರ್ ಕೇಸ್ ಹಿಂದಿನ ಪಿಟಿಒ (ಬೇರೆ ಯಂತ್ರಕ್ಕೆ ಶಕ್ತಿ ತೆಗೆಯೋ ಜಾಗ) ಮುಚ್ಚಳದೊಳಗಿನ ನಟ್ಟನ್ನೂ ನೋಡಿ. ಸಡಿಲಾದ್ರೆ ಗೇರ್ ಶಾಫ್ಟಿನ ಸ್ಪ್ಲೈನ್ (ಹಲ್ಲುಗೆರೆ) ಮೇಲೆ ಆಡಿ ಟಕ್ ಅನ್ನುತ್ತೆ.

ಘಟ್ಟದಗಾಡಿ:
ಎರಡೂ ಹಿಂಚಕ್ರ ಎತ್ತಿ ಗೇರಲ್ಲಿ ಓಡಿಸಿ ಕೇಳಬಹುದಾ?

ಸ್ಪ್ಲೈನ್:
ಸ್ಟ್ಯಾಂಡ್ ಮೇಲೆ, ಮುಂದಿನ ಡ್ರೈವ್ ಬಿಡಿಸಿ, ಮುಂಚಕ್ರಕ್ಕೆ ಕಲ್ಲು ಕೊಟ್ಟು ಆದ್ರೆ ಸರಿ. ಒಂದೇ ಚಕ್ರ ಎತ್ತಬೇಡಿ. ಇದರ ಹ್ಯಾಂಡ್‌ಬ್ರೇಕ್ ಇರೋದು ಟ್ರಾನ್ಸ್‌ಫರ್ ಕೇಸ್ ಹಿಂದಿನ ಡ್ರಮ್‌ನಲ್ಲಿ. ಒಂದು ಚಕ್ರ ಗಾಳಿಯಲ್ಲಿದ್ರೆ ಡಿಫರೆನ್ಶಿಯಲ್ ಅದನ್ನ ತಿರುಗಿಸಿ ಗಾಡಿ ಉರುಳುತ್ತೆ.