ಪದಚರ್ಚೆ: 'ಅಪಾಯ ಸಂಕೇತ'ವೋ 'ಹಾನಿಸುಳಿವೋ'?

ಡೊಂಬಿವಲಿಯಿಂದ

ಬಳಗಕ್ಕೆ ನಮಸ್ಕಾರ.

ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳಿಗೂ ಅವರ ಮನೆಯವರಿಗೂ ಓದಲು ಬರುವಂತೆ ಆರೋಗ್ಯದ ಕಿರುಪುಸ್ತಿಕೆಯೊಂದು ಸಿದ್ಧವಾಗುತ್ತಿದೆ. ಕೈಯಲ್ಲಿರುವುದು ಮರಾಠಿ ಪಠ್ಯ, ಅದು ಬಂದದ್ದು ಇಂಗ್ಲಿಷಿನಿಂದ. ಕರಡಿನಲ್ಲಿ ಹೀಗಿದೆ: "ದೇಹದ್ದೇ ಆದ ಅಪಾಯ ಸಂಕೇತಗಳು ಜನ್ಮಜಾತ ಪ್ರತಿಕಾರ ಪ್ರತಿಕ್ರಿಯೆಯನ್ನು ನಿಯಂತ್ರಿಸುತ್ತವೆ." ಇದನ್ನು ಓದಿದ ಹತ್ತನೇ ತರಗತಿಯವರಿಗೆ ತಲೆಬುಡ ತಿಳಿಯಲಿಲ್ಲ. 'ಅಪಾಯ ಸಂಕೇತ' ಸರಿಯೇ? 'ಜನ್ಮಜಾತ' ಇರಲೇ, 'ಸಹಜ' ಎನ್ನಲೇ? 'ನಿಯಂತ್ರಿಸು' ಹೊಂದುತ್ತದೆಯೇ? ಅಪಾಯ ಸಂಕೇತ ಎಂದರೆ ಜೀವಕೋಶ ಹಾನಿಗೊಂಡಾಗ ಹೊರಬಿದ್ದು ದೇಹವನ್ನು ಎಚ್ಚರಿಸುವ ವಸ್ತು; ಈ ವಸ್ತುಗಳು ಅಂಟಿಕೊಳ್ಳುವ ತಾಣಕ್ಕೆ 'ಗ್ರಾಹಕ' ಎಂದು ಬರೆದಿದೆ, ಅದೂ ಅನುಮಾನ. ಇವುಗಳ ಪಟ್ಟಿಯಲ್ಲಿ ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು), ಯೂರಿಕ್ ಆಮ್ಲ, ಎಚ್‌ಎಂಜಿಬಿ1 (ಡಿಎನ್‌ಎಗೆ ಅಂಟಿಕೊಂಡಿರುವ ಪ್ರೋಟೀನ್), ಶಾಖ ಆಘಾತ ಪ್ರೋಟೀನ್ (ಬಿಸಿಯಂಥ ಒತ್ತಡದಲ್ಲಿ ಜೀವಕೋಶ ಹೆಚ್ಚಾಗಿ ತಯಾರಿಸುವಂಥದು), ಮೈಟೊಕಾಂಡ್ರಿಯಾದ ಡಿಎನ್‌ಎ ಇವೆ. ತಿಳಿದವರು ತಿದ್ದಿಕೊಡಬೇಕು.

ಪುಣೆಯಿಂದ

ಕರಡಿನೊಳಗೆ ಮರಾಠಿ ಇನ್ನೂ ಮಾತಾಡುತ್ತಿದೆ. ಮೊದಲು ಅದನ್ನು ಹೊರಗೆ ಕಳಿಸಿ. ಮರಾಠಿಯ 'ರೋಗಪ್ರತಿಕಾರಶಕ್ತಿ' ನಮ್ಮ ರೋಗನಿರೋಧಕ ಶಕ್ತಿ. ಕನ್ನಡದಲ್ಲಿ ಪ್ರತೀಕಾರ ಎಂದರೆ ಸೇಡು. 'ದಾಹ' ಅಲ್ಲಿ ಉರಿಯೂತ, ಇಲ್ಲಿ ಬಾಯಾರಿಕೆ. 'ಪೇಶಿ' ಅಲ್ಲಿ ಜೀವಕೋಶ, ಇಲ್ಲಿ ಮಾಂಸಖಂಡದ ನೆನಪು ತರುತ್ತದೆ. 'ಧೋಕಾ' ಮುಂಬಯಿಯ ವಿದ್ಯುತ್ ಪೆಟ್ಟಿಗೆಯ ಮೇಲೆ ಅಪಾಯ, ಕನ್ನಡಿಗರ ಬಾಯಲ್ಲಿ ಮೋಸ. ಮೂರನ್ನೂ ಒಂದೇ ಸಾಲಿಗೆ ಸೇರಿಸಿದರೆ, ಮೋಸ ಹೋದ ಮಾಂಸಖಂಡಕ್ಕೆ ಬಾಯಾರಿತು ಎಂದಾಗುತ್ತದೆ. 'ಉರಿಯೂತ'ವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಉರಿ, ಊತ ಎರಡನ್ನೂ ಹೊತ್ತ ಇಷ್ಟು ಒಳ್ಳೆಯ ಪದ ಬೇರೆಡೆ ಸಿಗುವುದು ಕಷ್ಟ.

ಈಗ 'ಅಪಾಯ'. ರೋಗಾಣುಗಳಲ್ಲಿ ಮಾತ್ರ ಇರುವ ಅಣುವಿನ್ಯಾಸಗಳನ್ನು ದೇಹ ಹುಟ್ಟಿನಿಂದಲೇ ಗುರುತಿಸಬಲ್ಲದು ಎಂದು ರೋಗನಿರೋಧಕ ಶಕ್ತಿಯ ಸಂಶೋಧಕ ಚಾರ್ಲ್ಸ್ ಜೇನ್‌ವೇ 1989ರಲ್ಲಿ ವಾದಿಸಿದರು. 1994ರಲ್ಲಿ ಅದೇ ಕ್ಷೇತ್ರದ ಪಾಲಿ ಮ್ಯಾಟ್ಜಿಂಗರ್ ಬೇರೆ ಮಾತು ಹೇಳಿದರು: ಬಂದದ್ದು ಹೊರಗಿನದೋ ಒಳಗಿನದೋ ಎಂಬುದು ಮುಖ್ಯವಲ್ಲ, ಅದರಿಂದ ಕೇಡಾಗುತ್ತಿದೆಯೇ ಎಂಬುದು ಮುಖ್ಯ; ಆ ಸುದ್ದಿ ಕೊಡುವವು ಪೆಟ್ಟು ತಿಂದ ನಮ್ಮದೇ ಜೀವಕೋಶಗಳು. ಅವರು ಬಳಸಿದ್ದು 'ಅಪಾಯ' ಎಂಬರ್ಥದ ಪದ. ಈ ಸುದ್ದಿಯ ಅಣುಗಳಿಗೆ ಆಮೇಲೆ ರೂಢಿಗೆ ಬಂದ 'ಡ್ಯಾಂಪ್' (DAMP) ಎಂಬ ಇಂಗ್ಲಿಷ್ ಕಿರುಹೆಸರಿನ ಮೊದಲ ಅಕ್ಷರವನ್ನು ಕೆಲವರು ಅಪಾಯ ಎಂದೂ ಹೆಚ್ಚಿನವರು ಹಾನಿ ಎಂದೂ ಬಿಡಿಸುತ್ತಾರೆ. (ಪುಸ್ತಿಕೆಯಲ್ಲಿ 'ಡ್ಯಾಂಪ್' ಎಂದು ಬರೆಯಬೇಡಿ. ಮುಂಬಯಿಯವರು ಮಳೆಗಾಲದ ಗೋಡೆಯ ವಿಷಯ ಎಂದುಕೊಂಡಾರು.)

ಕನ್ನಡದಲ್ಲಿ ಅಪಾಯ ಇನ್ನೂ ಬರಬೇಕಾದದ್ದು, ಹಾನಿ ಆಗಿಹೋದದ್ದು. ಈ ಅಣುಗಳು ಹೊರಬೀಳುವುದು ಬಹುಪಾಲು ಹಾನಿಯಾದ ಮೇಲೆ. ಜೊತೆಗೆ 'ಸಂಕೇತ' ಎಂದರೆ ಯಾರೋ ಬೇಕೆಂದೇ ತೋರಿಸಿದ ಗುರುತು. ಪಟ್ಟಿಯಲ್ಲಿರುವ ಒಂದೂ ಹುಟ್ಟಿನಿಂದ ಗುರುತಲ್ಲ, ಎಲ್ಲವೂ ಜೀವಕೋಶದ ದಿನಬಳಕೆಯ ಸಾಮಾನು. ಡಬ್ಬದಲ್ಲಿದ್ದಾಗ ಖಾರದಪುಡಿ ಯಾರಿಗೂ ತೊಂದರೆ ಕೊಡದು, ಚೆಲ್ಲಿದರೆ ಮನೆಯವರೆಲ್ಲ ಸೀನುತ್ತಾರೆ. ಹಾಗಾಗಿ ನನ್ನ ಮತ 'ಹಾನಿಸುಳಿವು'. ದೇಹದ್ದೇ ಎಂದು ಒತ್ತಬೇಕಾದಲ್ಲಿ 'ಒಳಗಿನ ಹಾನಿಸುಳಿವು'. ಮ್ಯಾಟ್ಜಿಂಗರ್ ಅವರ ಸಿದ್ಧಾಂತದ ಹೆಸರು ಹೇಳುವಾಗ ಮಾತ್ರ 'ಅಪಾಯ ಸಿದ್ಧಾಂತ' ಎಂದೇ ಇರಲಿ.

ಎಟಿಪಿಯನ್ನು ನೋಡಿ. ಜೀವಕೋಶದೊಳಗೆ ಅದು 1ರಿಂದ 10 ಮಿಲಿಮೋಲಾರ್, ಹೊರಗೆ ಸಾಮಾನ್ಯವಾಗಿ ನ್ಯಾನೊಮೋಲಾರ್ ಮಟ್ಟ (ಮೋಲಾರ್ ಸಾಂದ್ರತೆಯ ಅಳತೆ; ನ್ಯಾನೊ ಎಂದರೆ ಮಿಲಿಯ ಹತ್ತು ಲಕ್ಷದಲ್ಲೊಂದು ಪಾಲು). ಪೊರೆ ಹರಿದರೆ ಸುತ್ತಲಿನ ಸಾಂದ್ರತೆ ಸಾವಿರಾರು ಪಟ್ಟು ಏರುತ್ತದೆ. ನೆರೆಯ ಮ್ಯಾಕ್ರೊಫೇಜಿನ (ರೋಗಾಣು, ಸತ್ತ ಕೋಶಗಳನ್ನು ನುಂಗುವ ರಕ್ಷಕ ಕೋಶ) ಪೊರೆಯಲ್ಲಿರುವ ಪಿ2ಎಕ್ಸ್7 ಎಂಬ ದ್ವಾರ ತೆರೆದು ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ. ಒಳಗೆ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್ ಗುಂಪುಗೂಡಿ ಕ್ಯಾಸ್ಪೇಸ್-1 ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಅದು ಕತ್ತರಿಸಿಕೊಟ್ಟ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸುದ್ದಿ ಒಯ್ಯುವ ಪ್ರೋಟೀನ್ ಹೊರಬಿದ್ದು ಉರಿಯೂತ ಹೊತ್ತಿಸುತ್ತದೆ. ಇದಕ್ಕೆ ಒಂದು ಪೂರ್ವಸಿದ್ಧತೆ ಬೇಕು. ಇನ್ನೊಂದು ಸುಳಿವು ಮೊದಲೇ ಬಂದು ಕಚ್ಚಾ ಇಂಟರ್‌ಲ್ಯೂಕಿನನ್ನು ತಯಾರಿಸಿ ಇಡಿಸಿರಬೇಕು. ಪ್ರಯೋಗಾಲಯದಲ್ಲಿ ಅದಕ್ಕೇ ಮೂರ್ನಾಲ್ಕು ಗಂಟೆ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪೊರೆಯ ವಸ್ತು) ಕೊಟ್ಟು, ಆಮೇಲೆ 5 ಮಿಲಿಮೋಲಾರ್ ಎಟಿಪಿಯನ್ನು ಅರ್ಧದಿಂದ ಒಂದು ಗಂಟೆ ಇಡುವುದು ವಾಡಿಕೆ. ಮೊದಲ ಹಂತ ಬಿಟ್ಟರೆ ಎಷ್ಟು ಎಟಿಪಿ ಸುರಿದರೂ ಇಂಟರ್‌ಲ್ಯೂಕಿನ್-1 ಬೀಟಾ ಸಿಗುವುದು ಅತ್ಯಲ್ಪ.

ಯೂರಿಕ್ ಆಮ್ಲದಲ್ಲಿ ಲೆಕ್ಕ ಬೇರೆ. ಕರಗಿರುವಾಗ ಅದು ಸುಮ್ಮನಿರುತ್ತದೆ. ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದ ಮೇಲೆ ಹರಳಾಗುವ ಸಾಧ್ಯತೆ ಶುರುವಾಗುತ್ತದೆ, ಹರಳೇ ಎನ್‌ಎಲ್‌ಆರ್‌ಪಿ3ಯನ್ನು ಕೆಣಕುವುದು. ಗೌಟ್ ನೋವು ತಂಪಾಗಿರುವ ಕಾಲ್ಬೆರಳಿನ ಕೀಲನ್ನು ಹೆಚ್ಚಾಗಿ ಹಿಡಿಯಲು ಇದೂ ಒಂದು ಕಾರಣ. ತಂಪಿನಲ್ಲಿ ಹರಳು ಬೇಗ ಕಟ್ಟುತ್ತದೆ. ಆದ್ದರಿಂದ ಪಟ್ಟಿಯಲ್ಲಿ 'ಯೂರಿಕ್ ಆಮ್ಲದ ಹರಳು' ಎಂದು ತಿದ್ದಿ.

ಮೈಟೊಕಾಂಡ್ರಿಯಾ ಬಂದದ್ದು ಪುರಾತನ ಬ್ಯಾಕ್ಟೀರಿಯಾದಿಂದ. ಅದರ ಡಿಎನ್‌ಎ ರಕ್ತಕ್ಕೆ ಬಿದ್ದರೆ ಬ್ಯಾಕ್ಟೀರಿಯಾದ ಡಿಎನ್‌ಎ ಗುರುತಿಸುವ ಟಿಎಲ್‌ಆರ್9 ಎಂಬ ಅಂಟುತಾಣ ಅದನ್ನು ಬ್ಯಾಕ್ಟೀರಿಯಾದ್ದೆಂದೇ ಬಗೆಯುತ್ತದೆ. ದೊಡ್ಡ ಅಪಘಾತದಲ್ಲಿ ಸೋಂಕೇ ಇಲ್ಲದೆ ನಂಜೇರಿದಂಥ ಸ್ಥಿತಿ ಉಂಟಾಗುವುದರ ಹಿಂದೆ ಇದರ ಪಾತ್ರವಿದೆ ಎಂದು 2010ರಲ್ಲಿ ತೋರಿಸಲಾಯಿತು.

ಶಾಖ ಆಘಾತ ಪ್ರೋಟೀನನ್ನು ಪಟ್ಟಿಯಿಂದ ತೆಗೆಯುವುದೇ ಮೇಲು. ಅದನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಮಾಡಿದ ಹಳೆಯ ಪ್ರಯೋಗಗಳಲ್ಲಿ ಎಲ್‌ಪಿಎಸ್ ಅಂಟಿಕೊಂಡೇ ಬರುತ್ತಿತ್ತು. ಮಿಲಿಲೀಟರಿಗೆ ಒಂದೆರಡು ನ್ಯಾನೊಗ್ರಾಂ ಎಲ್‌ಪಿಎಸ್ ಉಳಿದರೂ ಮ್ಯಾಕ್ರೊಫೇಜ್ ಕೆರಳುತ್ತದೆ, ಕೀರ್ತಿ ಪ್ರೋಟೀನಿಗೆ. ಕುದಿಸಿ ನೋಡುವುದು ಒಂದು ಪರೀಕ್ಷೆ: ಪ್ರೋಟೀನ್ ಕೆಡುತ್ತದೆ, ಎಲ್‌ಪಿಎಸ್ ಕೆಡುವುದಿಲ್ಲ. ಕುದಿಸಿದ ಮೇಲೂ ಪರಿಣಾಮ ಹಾಗೆಯೇ ಇದ್ದರೆ ಅನುಮಾನಪಡಬೇಕು. ಪಾಲಿಮಿಕ್ಸಿನ್-ಬಿ ಎಂಬ ಔಷಧ ಸೇರಿಸಿ ಎಲ್‌ಪಿಎಸ್ ಅನ್ನು ಕಟ್ಟಿಹಾಕಿ ನೋಡುವುದು ಇನ್ನೊಂದು. ಎಚ್‌ಎಂಜಿಬಿ1ಕ್ಕೂ ಇದೇ ಎಚ್ಚರ ಬೇಕು, ಅದೂ ಎಲ್‌ಪಿಎಸ್ ಕೂಡ ಟಿಎಲ್‌ಆರ್4 ಎಂಬ ಒಂದೇ ಅಂಟುತಾಣವನ್ನು ಹಿಡಿಯುವುದರಿಂದ ಗೊಂದಲ ಇನ್ನೂ ಹೆಚ್ಚು.

'ನಿಯಂತ್ರಿಸು' ಬೇಡವೇ ಬೇಡ. ಮಲೇರಿಯಾ ನಿಯಂತ್ರಣ, ಜನಸಂಖ್ಯೆ ನಿಯಂತ್ರಣ ಎಂದು ಓದಿ ಬೆಳೆದವರಿಗೆ ಅದು 'ತಡೆ' ಎಂದೇ ಕೇಳಿಸುತ್ತದೆ. ನಡೆಯುವುದು ಏರಿಕೆ, ಇಳಿಕೆ ಎರಡೂ. ಹೊರಬಿದ್ದ ಎಟಿಪಿಯನ್ನು ಸಿಡಿ39, ಸಿಡಿ73 ಎಂಬ ಕಿಣ್ವಗಳು ಹಂತಹಂತವಾಗಿ ಅಡೆನೊಸಿನ್ ಮಾಡುತ್ತವೆ. ಎಟಿಪಿ ಕೆರಳಿಸಿದ್ದನ್ನು ಅಡೆನೊಸಿನ್ ತಣಿಸುತ್ತದೆ. ಎಚ್‌ಎಂಜಿಬಿ1 ಇನ್ನೂ ಸ್ವಾರಸ್ಯದ್ದು. ಆಕ್ಸಿಜನ್ ತಾಗದೆ ಹೊರಬಂದಾಗ ಅದು ಬಿಳಿ ರಕ್ತಕಣಗಳನ್ನು ಕರೆತರುತ್ತದೆ. ಅದರ 23 ಮತ್ತು 45ನೇ ಸ್ಥಾನದ ಸಿಸ್ಟೀನ್‌ಗಳ (ಗಂಧಕವಿರುವ ಅಮೈನೊ ಆಮ್ಲ) ನಡುವೆ ಗಂಧಕದ ಬೆಸುಗೆ ಬಿದ್ದರೆ ಟಿಎಲ್‌ಆರ್4 ಮೂಲಕ ಉರಿಯೂತ ಹೆಚ್ಚಿಸುತ್ತದೆ. ಪೂರ್ತಿ ಆಕ್ಸೀಕರಣಗೊಂಡರೆ ಈ ಎರಡೂ ಕೆಲಸ ನಿಲ್ಲುತ್ತವೆ. ಇದಲ್ಲದೆ ಸಿಡಿ24 ಎಂಬ ಪ್ರೋಟೀನ್ ಹಾನಿಸುಳಿವಿಗೆ ಅಂಟಿ, ಮನುಷ್ಯರಲ್ಲಿ ಸಿಗ್ಲೆಕ್-10 ಎಂಬ ಅಂಟುತಾಣದ ಮೂಲಕ, ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ. ರೋಗಾಣುವಿನ ಸುಳಿವಿಗೆ ಈ ತಗ್ಗಿಸುವಿಕೆ ಅಷ್ಟಾಗಿ ನಡೆಯದು, ಸ್ವಂತದ್ದಕ್ಕೂ ಹೊರಗಿನದಕ್ಕೂ ದೇಹ ಹೀಗೆ ವ್ಯತ್ಯಾಸ ಮಾಡುತ್ತದೆ.

'ಜನ್ಮಜಾತ' ಎಂದರೆ ಹೃದಯದ ತೂತಿನಂಥ ಕಾಯಿಲೆಯ ನೆನಪು. 'ಸಹಜ' ಒಳ್ಳೆಯದು, ಆದರೆ 'ಸಹಜ ಪ್ರತಿಕ್ರಿಯೆ' ಎಂದು ಜೋಡಿಸಿದರೆ ಮಾಮೂಲಿ ಪ್ರತಿಕ್ರಿಯೆ ಎಂದಾಗುತ್ತದೆ. 'ಸಹಜ ರೋಗರಕ್ಷಣೆ' ಎಂದು ನಾಮಪದಕ್ಕೇ ಕಟ್ಟಿಬಿಡಿ. 'ಗ್ರಾಹಕ' ಅಂಗಡಿಗೆ ಬರುವವನು, 'ಗ್ರಾಹಿ' ಸಾಕು.

ಒಟ್ಟು ವಾಕ್ಯ: "ಪೆಟ್ಟು ತಿಂದ ಜೀವಕೋಶಗಳಿಂದ ಹೊರಬೀಳುವ ಹಾನಿಸುಳಿವುಗಳು, ದೇಹದ ಸಹಜ ರೋಗರಕ್ಷಣೆ ಯಾವಾಗ ಕೆರಳಬೇಕು, ಎಷ್ಟು ಕೆರಳಬೇಕು, ಯಾವಾಗ ತಣಿಯಬೇಕು ಎಂಬುದನ್ನು ತೀರ್ಮಾನಿಸುತ್ತವೆ." ಉದ್ದವಾಯಿತು, ಆಗಲಿ.

ವಾಸ್ಕೊದಿಂದ

'ಹಾನಿಸುಳಿವು' ನನಗೂ ಒಪ್ಪಿಗೆ. ಒಂದು ತಕರಾರು: "ಪೆಟ್ಟು ತಿಂದ" ಎಂದಷ್ಟೇ ಹೇಳಿದರೆ ಜೀವಕೋಶದ ಎರಡು ಬಗೆಯ ಸಾವು ಒಂದರಲ್ಲೊಂದು ಬೆರೆತುಹೋಗುತ್ತವೆ. ಪೊರೆ ಹರಿದು ಸತ್ತರೆ ಎಚ್‌ಎಂಜಿಬಿ1 ಹೊರಗೆ ಚೆಲ್ಲುತ್ತದೆ. ಕ್ರಮಬದ್ಧವಾಗಿ ಮುದುಡಿ ಸತ್ತರೆ ಅದು ವರ್ಣತಂತುವಿಗೆ ಅಂಟಿಕೊಂಡೇ ಉಳಿಯುತ್ತದೆ ಎಂದು 2002ರಲ್ಲಿ ಕಂಡುಬಂತು. ಆ ಕೋಶವನ್ನು ಮ್ಯಾಕ್ರೊಫೇಜ್ ಬೇಗ ನುಂಗದೆ ಬಿಟ್ಟರೆ ಮುಂದೆ ಅದೂ ಒಡೆಯುತ್ತದೆ. ಮೊದಲನೆಯದಕ್ಕೆ 'ಒಡೆಸಾವು', ಎರಡನೆಯದಕ್ಕೆ 'ಮುದುಡುಸಾವು' ಎಂದರೆ ಹೇಗೆ? ಮೊದಲನೆಯದನ್ನು 'ಕೊಳೆತ' ಎಂದು ಬರೆಯುವ ರೂಢಿ ಗ್ಯಾಂಗ್ರೀನಿನತ್ತ ಎಳೆಯುತ್ತದೆ.

ಮತ್ತೆ, ಅಳತೆಗಳನ್ನು ಮೊಟಕು ಮಾಡಬೇಡಿ. ಮೋಲ್ ಎಂದರೆ ಪ್ರಮಾಣ, ಮೋಲಾರ್ ಎಂದರೆ ಲೀಟರಿಗೆ ಇಷ್ಟು ಎಂಬ ಸಾಂದ್ರತೆ. ಹೀಗೆ ಹೊರಬೀಳುವ ಇನ್ನೊಂದು ಪ್ರೋಟೀನಾದ ಕ್ಯಾಲ್‌ಪ್ರೊಟೆಕ್ಟಿನನ್ನು ಕರುಳಿನ ಉರಿಯೂತ ತಿಳಿಯಲು ಮಲದಲ್ಲಿ ಅಳೆಯುತ್ತಾರೆ. ಅಲ್ಲಿ ಸಾಮಾನ್ಯವಾಗಿ ಬಳಸುವ ಮಿತಿ ಗ್ರಾಂ ಮಲಕ್ಕೆ 50 ಮೈಕ್ರೊಗ್ರಾಂ. ಅದು 'ಮಿ.ಗ್ರಾಂ' ಎಂದು ಅಚ್ಚಾದರೆ ಸಾವಿರ ಪಟ್ಟು ತಪ್ಪು. ಕರಡು ತಿದ್ದುವವರಿಗೆ ಇದನ್ನು ಮೊದಲೇ ಹೇಳಿಡಿ.