ಆಸ್ಪತ್ರಿ ಸಾಫ್ಟ್‌ವೇರ್‌ನ್ಯಾಗ ಜೆಂಡರ್ ಕಾಲಂ ಹೆಂಗ ಇಡಬೇಕ್ರೀ?

ಪ್ರಶ್ನೆ (ಹುಬ್ಬಳ್ಳಿ): ಒಂದು ಸಣ್ಣ ನರ್ಸಿಂಗ್ ಹೋಂಗೆ ರಿಜಿಸ್ಟ್ರೇಷನ್ ಸಾಫ್ಟ್‌ವೇರ್ ಮಾಡಾಕತ್ತೇನ್ರಿ, ಗಂಡು, ಹೆಣ್ಣು, ಇತರೆ ಅಂತ ಮೂರು ಆಪ್ಷನ್ ಅದಾವು, ಇತರೆ ಒತ್ತಿದ್ರ ಲ್ಯಾಬ್ ರಿಪೋರ್ಟ್‌ನ್ಯಾಗ ನಾರ್ಮಲ್ ರೇಂಜ್ ಖಾಲಿ ಬರ್ತೈತಿ. ಏನ್ ಮಾಡ್ಲಿ?

ಲ್ಯಾಬ್‌ನವ, ಗದಗ: ಒಂದ ಕಾಲಂನ್ಯಾಗ ಎಲ್ಲಾ ತುರುಕಬ್ಯಾಡ್ರಿ. ಹುಟ್ಟಿದಾಗ ಬರೆಸಿದ್ದು ಒಂದು, ಈಗ ತಮ್ಮನ್ನ ಏನಂತಾರ ಅದು ಇನ್ನೊಂದು. ಹಿಮೋಗ್ಲೋಬಿನ್ (ಡೆಸಿಲೀಟರ್‌ಗೆ ಗ್ರಾಂ ಲೆಕ್ಕದಾಗ) ಗಂಡಸರಿಗೆ 13, ಹೆಂಗಸರಿಗೆ 12ರ ಕೆಳಗ ಹೋದ್ರ ರಕ್ತ ಕಡಿಮಿ ಅಂತೀವಿ, ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನ್) ತಗೊಳ್ಳೋ ಟ್ರಾನ್ಸ್ ಗಂಡಸಿಗೆ, ಅಂದ್ರ ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ರೂ ತಾನು ಗಂಡು ಅನ್ನೋವ್ರಿಗೆ, ಹೆಂಗಸರ ರೇಂಜ್ ಹಾಕಿದ್ರ ಕಡಿಮಿ ಇದ್ದದ್ದು ಕಾಣಂಗ ಇಲ್ಲ. ಹಾರ್ಮೋನ್ ಬ್ಯಾರೆ, ಯಾವ ಅಂಗ ಐತಿ ಅನ್ನೋದು ಬ್ಯಾರೆ ಬರಸ್ರಿ, ಟ್ರಾನ್ಸ್ ಹೆಂಗಸರಿಗೆ (ಹುಟ್ಟಿದಾಗ ಗಂಡು ಅಂತ ಬರೆಸಿದವ್ರಿಗೆ) ಸರ್ಜರಿ ಆದಮ್ಯಾಲೂ ಸಾಮಾನ್ಯವಾಗಿ ಪ್ರಾಸ್ಟೇಟ್, ಅಂದ್ರ ಗಂಡು ದೇಹದಾಗಿರೋ ಗ್ರಂಥಿ, ಇರತೈತಿ.

ಧಾರವಾಡದಾಕಿ: ಮೊದ್ಲು ಹೆಸರು ನೋಡ್ರಿ ಅಣ್ಣಾರ. ಆಧಾರ್‌ನ್ಯಾಗಿನ ಹಳೇ ಹೆಸರು ಜೋರಾಗಿ ಕೂಗಿದ್ರ ಎಷ್ಟೋ ಮಂದಿ ಎದ್ದು ಮನಿಗೆ ಹೋಗ್ತಾರ. ಕರಿಯೋ ಹೆಸರಿಗೆ ಬ್ಯಾರೆ ಜಾಗ ಇಡ್ರಿ. ಜೆಂಡರ್ ಸರ್ಟಿಫಿಕೇಟ್ ತೋರಸ್ರಿ ಅನ್ನಬ್ಯಾಡ್ರಿ, ತಾನು ಗಂಡೋ ಹೆಣ್ಣೋ ಇನ್ನೊಂದೋ ಅಂತ ತಾನ ಹೇಳೋ ಹಕ್ಕು ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪಿನ್ಯಾಗ ಐತಿ.

ಇನ್ನೊಬ್ಬರು, ಹಾವೇರಿ: ಆ "ಗಂಡನ ಹೆಸರು" ಕಾಲಂ ಮೊದ್ಲು ತಗೀರಿ ಮಾರಾಯ್ರ, "ಜೊತೀಗಿರೋರು" ಅಂದ್ರ ಸಾಕು. ಲೈಂಗಿಕತೆ ಬಗ್ಗೆ ಕೌಂಟರ್‌ನ್ಯಾಗ ಕೇಳಬ್ಯಾಡ್ರಿ, ಡಾಕ್ಟರ್ ಲಾಗಿನ್‌ನ್ಯಾಗಷ್ಟ ಇರ್ಲಿ, "ಹೇಳಾಕ ಇಷ್ಟ ಇಲ್ಲ" ಅನ್ನೋದೂ ಇರ್ಲಿ.