ಹ್ಯಾಲೋವೀನ್ ಪಾರ್ಟಿಗೆ ಸುಲಭದ ದೆವ್ವದ ತಿಂಡಿ ಐಡಿಯಾ ಕೊಡಿ (ವೆಜ್, ಕೈಯಲ್ಲೇ ತಿನ್ನೋ ಥರ)

ಜೆರ್ಸಿ ಅಮ್ಮ:
ಎಲ್ರಿಗೂ ನಮಸ್ಕಾರ. ಅಕ್ಟೋಬರ್ 31ರ ಸಂಜೆ ಟ್ರಿಕ್ ಆರ್ ಟ್ರೀಟ್‌ಗೆ (ಮನೆಮನೆಗೆ ಹೋಗಿ ಕ್ಯಾಂಡಿ ಕೇಳೋದು) ಹೊರಡೋ ಮುಂಚೆ ಮಗಳ ಕ್ಲಾಸಿನ ಹತ್ತು ಹನ್ನೆರಡು ಮಕ್ಕಳು ನಮ್ಮನೆಗೆ ಬರ್ತಿದಾರೆ, ಜೊತೆಗೆ ಅವರ ಅಪ್ಪ ಅಮ್ಮಂದಿರು. ಊಟ ಅಂತ ಏನಿಲ್ಲ, ಕಾಸ್ಟ್ಯೂಮ್ ಹಾಕ್ಕೊಂಡು ಓಡಾಡ್ತಾನೇ ಒಂದು ಕೈಯಲ್ಲಿ ಎತ್ತಿ ಬಾಯಿಗೆ ಹಾಕ್ಕೊಳ್ಳೋ ಥರ ಇರ್ಬೇಕು, ತಟ್ಟೆ ಸ್ಪೂನ್ ಬೇಡ. ನೋಡೋಕೆ ಸ್ವಲ್ಪ ಭಯ ಆಗ್ಬೇಕು, ಆದ್ರೆ ಏಳು ವರ್ಷದ ಮಕ್ಕಳು ಅತ್ತುಬಿಡೋ ಅಷ್ಟಲ್ಲ. ನಮ್ಮದು ವೆಜ್, ಮೊಟ್ಟೆ ನಡೆಯತ್ತೆ. ವೀಡಿಯೋ ಹುಡುಕಿದ್ರೆ ಬರೀ ಹಾಟ್‌ಡಾಗ್‌ನವೇ ಬರ್ತವೆ, ಇಲ್ಲಾಂದ್ರೆ ಗಂಟೆಗಟ್ಲೆ ಫಾಂಡಂಟ್ (ಕೇಕ್ ಅಲಂಕಾರದ ಸಕ್ಕರೆ ಹಿಟ್ಟು) ಕೆಲಸ. ಆವತ್ತು ಮಧ್ಯಾಹ್ನದ ತನಕ ಆಫೀಸ್ ಕಾಲ್ಸ್ ಬೇರೆ ಇದಾವೆ. ಬರೋ ಮಕ್ಕಳಲ್ಲಿ ಒಬ್ಬನಿಗೆ ನಟ್ ಅಲರ್ಜಿ ಇದೆ ಅಂತ ಅವರಮ್ಮ ಮೆಸೇಜ್ ಮಾಡಿದಾರೆ. ಏನೇನು ಮಾಡ್ಬಹುದು ಹೇಳಿ ಪ್ಲೀಸ್.

ಓವನ್ ಪ್ರೇಮಿ:
ಪನೀರ್ ಮಮ್ಮಿ ಮಾಡಿ (ಬಟ್ಟೆ ಸುತ್ತಿಟ್ಟ ಈಜಿಪ್ಟಿನ ಹೆಣ ಇರತ್ತಲ್ಲ, ಆ ಮಮ್ಮಿ), ಬೇರೆ ಯೋಚನೆನೇ ಬೇಡ. ಅಂಗಡಿಯ ಫ್ರಿಜ್ ಸೆಕ್ಷನ್‌ನಲ್ಲಿ ಡಬ್ಬೀಲಿ ಬರತ್ತಲ್ಲ ಕ್ರೆಸೆಂಟ್ ರೋಲ್ ಹಿಟ್ಟು, ಅದನ್ನ ಬಿಚ್ಚಿ ಹರಡಿ, ತ್ರಿಕೋನದ ಗೆರೆಗಳನ್ನೆಲ್ಲ ಬೆರಳಲ್ಲಿ ಒತ್ತಿ ಮುಚ್ಚಿ ಒಂದೇ ಹಾಳೆ ಮಾಡ್ಕೊಳ್ಳಿ, ಪಿಜ್ಜಾ ಕಟರ್‌ನಲ್ಲಿ ಕಾಲಿಂಚು ಅಗಲದ ಪಟ್ಟಿ ಕತ್ತರಿಸಿ. ಪನೀರನ್ನ ಬೆರಳುದ್ದ ಹೆಚ್ಚಿ, ಪೇಪರ್ ಟವೆಲ್‌ನಲ್ಲಿ ಚೆನ್ನಾಗಿ ಒತ್ತಿ ನೀರು ತೆಗೀರಿ (ಇದು ಮುಖ್ಯ, ಇಲ್ಲಾಂದ್ರೆ ಹಿಟ್ಟು ಒಳಗಡೆ ಹಸಿಹಸಿ ಉಳಿಯತ್ತೆ), ಉಪ್ಪು, ಚಾಟ್ ಮಸಾಲ, ಚೂರೇ ಚೂರು ಅಚ್ಚಖಾರದಪುಡಿ ಸವರಿ. ಆಮೇಲೆ ಪಟ್ಟಿ ಸುತ್ತೋದು. ಇಲ್ಲಿ ನೀಟಾಗಿ ಸುತ್ತೋಕೆ ಹೋಗ್ಬೇಡಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಹೋಗ್ಬೇಕು, ಅಲ್ಲಲ್ಲಿ ಪನೀರ್ ಇಣುಕ್ಬೇಕು, ಆಗಲೇ ಅದು ಹಳೇ ಬ್ಯಾಂಡೇಜ್ ಥರ ಕಾಣೋದು. ಮೇಲ್ತುದಿ ಹತ್ರ ಅರ್ಧ ಇಂಚು ಖಾಲಿ ಬಿಡಿ, ಅದೇ ಮುಖ. 375 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 12 ನಿಮಿಷದ ಆಸುಪಾಸು, ಬಣ್ಣ ನೋಡ್ಕೊಂಡು ತೆಗೀರಿ.

ಕಣ್ಣು ಮಾತ್ರ ಓವನ್‌ನಿಂದ ಹೊರಗೆ ಬಂದ ಮೇಲೇನೇ. ಗಟ್ಟಿ ಕ್ರೀಮ್ ಚೀಸ್‌ನ ಎರಡು ಚುಕ್ಕಿ ಇಟ್ಟು ಅದರ ಮೇಲೆ ಕಪ್ಪು ಆಲಿವ್‌ನ ಸಣ್ಣ ಚೂರು. ಎರಡು ಕಣ್ಣು ಒಂದೇ ಸೈಜ್ ಇರ್ಬಾರದು, ಒಂದು ಸ್ವಲ್ಪ ದೊಡ್ಡದು ಆಗ್ಲಿ, ಒಂದು ಪಕ್ಕಕ್ಕೆ ನೋಡ್ಲಿ, ಮಕ್ಕಳು ಒಂದೊಂದಕ್ಕೂ ಹೆಸರಿಟ್ಟು ಆಮೇಲೆ ತಿಂತಾರೆ. ಸ್ಟ್ರಿಂಗ್ ಚೀಸ್ ಹಾಕಿ ಅಂತ ಕೆಲವರು ಹೇಳ್ತಾರೆ, ಅದು ಕರಗಿ ಟ್ರೇಗೆಲ್ಲ ಹರಿದುಬಿಡತ್ತೆ. ಪನೀರ್ ಕರಗಲ್ಲ, ಆಕಾರ ಹಾಗೇ ನಿಲ್ಲತ್ತೆ. ಹಿಂದಿನ ರಾತ್ರಿನೇ ಸುತ್ತಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಆವತ್ತು ಬೇಯಿಸಿದ್ರೆ ಆಯ್ತು.

ಧಾರವಾಡದಾಕಿ:
ಅಕ್ಕಾ, ಮನ್ಯಾಗ ಮಿನಿ ಇಡ್ಲಿ ಸ್ಟ್ಯಾಂಡ್ ಐತೇನು? ಇದ್ರ ನಿಮ್ಮ ಅರ್ಧ ಕೆಲಸ ಮುಗೀತು ನೋಡ್ರಿ. ಬಿಳೀ ದುಂಡನ್ನ ಇಡ್ಲಿ ಅಂದ್ರ ಕಣ್ಣಗುಡ್ಡಿನೇ ಅಲ್ರೀ. ಇಡ್ಲಿ ಪೂರ್ತಿ ಆರಬೇಕು, ಬಿಸಿ ಇದ್ದಾಗ ಮಾಡಿದ್ರ ಬಣ್ಣ ಹರಡತೈತಿ. ನಡುವ ಗಟ್ಟಿ ಕೊತ್ತಂಬರಿ ಚಟ್ನಿದು ಒಂದು ಬೊಟ್ಟು ಇಡ್ರಿ, ಅದರ ಮ್ಯಾಲ ಆಲಿವ್‌ದು ಸಣ್ಣ ಬಿಲ್ಲಿ. ಚಟ್ನಿಗೆ ಶೇಂಗಾ ಹಾಕಬ್ಯಾಡ್ರಿ ಮತ್ತ, ಪುಟಾಣಿ ಹಾಕ್ರಿ. ಆಮ್ಯಾಲ ಬೀಟ್‌ರೂಟ್ ತುರಿದು ಹಿಂಡಿದ ರಸದಾಗ ಟೂತ್‌ಪಿಕ್ ಅದ್ದಿ, ಅಂಚಿನಿಂದ ಒಳಗ ಸಣ್ಣ ಸಣ್ಣ ಕೆಂಪು ನರ ಎಳೀರಿ. ನೆಟ್ಟಗ ಎಳೀಬ್ಯಾಡ್ರಿ, ಸೊಟ್ಟ ಇರಬೇಕು, ನಡುವ ಒಂದು ಕವಲು ಒಡೀಬೇಕು. ಇಡ್ಲಿ ರಸ ಹೀರತೈತಿ, ಅಂಚು ತಾನ ಮಸುಕಾಗಿ ಖರೇನ ನಿದ್ದಿಗೆಟ್ಟ ಕಣ್ಣಿನಂಗ ಕಾಣತೈತಿ. ಒಂದು ಬಟ್ಟಲ ತುಂಬ ಇಟ್ರ ದೊಡ್ಡವರೂ ಒಂದು ಹೆಜ್ಜಿ ಹಿಂದ ಸರೀತಾರ.

ದೀಪಾವಳಿ ಚಕ್ಕುಲಿ ಉಳಿದಿದ್ರ ಅದಕ್ಕೂ ಎರಡು ಕಣ್ಣು ಅಂಟಸ್ರಿ, ಸುತ್ತಿಕೊಂಡು ಮಲಗಿದ ಹಾವಾಗತೈತಿ.

ಲೇಬಲ್ ಓದುವವನು:
ಐಡಿಯಾಗಳು ತುಂಬಾ ಚೆನ್ನಾಗಿವೆ, ಚಕ್ಕುಲಿ ಬಗ್ಗೆ ಮಾತ್ರ ಒಂದು ಮಾತು. ನನ್ನ ಮಗನಿಗೂ ಅಲರ್ಜಿ ಇದೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೀತಿದೀನಿ. ಚಕ್ಕುಲೀಲಿ ಎಳ್ಳಿರತ್ತೆ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳು ಕೂಡ ಪ್ರಮುಖ ಅಲರ್ಜನ್‌ಗಳ ಪಟ್ಟೀಲಿದೆ, ಒಂಬತ್ತನೇದು. ನಟ್ ಅಲರ್ಜಿ ಇರೋ ಕೆಲವು ಮಕ್ಕಳಿಗೆ ಎಳ್ಳೂ ಆಗಲ್ಲ, ಹಾಗಾಗಿ ಆ ತಾಯಿಗೆ "ಯಾವ ನಟ್, ಶೇಂಗಾ ಸೇರಿದೆಯಾ, ಎಳ್ಳು ಓಕೆನಾ" ಅಂತ ನೇರವಾಗಿ ಕೇಳಿಬಿಡಿ. ಅವರು ಬೇಜಾರು ಮಾಡ್ಕೊಳ್ಳಲ್ಲ, ನಾವು ಹೆತ್ತವರು ಹಾಗೆ ಕೇಳೋರನ್ನ ಕಂಡ್ರೆ ಸಮಾಧಾನ ಪಡ್ತೀವಿ. ಪ್ಯಾಕೆಟ್ ಮೇಲೆ "ನಟ್ಸ್ ಇರಬಹುದು" ಅನ್ನೋ ಎಚ್ಚರಿಕೆ ಹಾಕೋದು ಇಲ್ಲಿ ಕಂಪನಿಗಳ ಇಷ್ಟ, ಕಡ್ಡಾಯ ಅಲ್ಲ, ಆದ್ದರಿಂದ ಅದು ಇಲ್ಲ ಅಂದ ಮಾತ್ರಕ್ಕೆ ಸೇಫ್ ಅಂತ ಅರ್ಥ ಅಲ್ಲ. ನೀವು ಬಳಸಿದ ಪ್ಯಾಕೆಟ್‌ಗಳ ಫೋಟೋ ತೆಗೆದು ಮುಂಚೆನೇ ಅವರಿಗೆ ಕಳಿಸಿ.

ಮಾಟಗಾತಿ ಬೆರಳು ಅಂತ ಕುಕೀಸ್ ಎಲ್ಲಾ ಕಡೆ ಸಿಗತ್ತೆ, ಅದರ ಉಗುರು ಬಾದಾಮಿ. ಮನೇಲಿ ಮಾಡೋದಾದ್ರೆ ಬಾದಾಮಿ ಬದಲು ಕುಂಬಳಕಾಯಿ ಬೀಜ ಒತ್ತಿ, ಹೇಗೂ ಬಾಗಿಲಿಗೆ ಇಡೋಕೆ ಕುಂಬಳಕಾಯಿ ಕೊರೀತೀರಲ್ಲ.

ಇನ್ನೊಂದು, ವೆಜ್ ಅಂದ್ರಿ. ಗಮಿ ಹುಳ (ಹುಳದ ಆಕಾರದ ಜೆಲ್ಲಿ ಮಿಠಾಯಿ), ಮಾರ್ಷ್‌ಮ್ಯಾಲೋ, ಕ್ಯಾಂಡಿ ಕಾರ್ನ್ ಇವುಗಳಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರತ್ತೆ, ಅದು ಪ್ರಾಣಿಗಳ ಚರ್ಮ ಮೂಳೆಯಿಂದ ಬರೋದು. ಹುಳ ಬೇಕೇ ಬೇಕು ಅಂದ್ರೆ ಹಣ್ಣಿನಿಂದ ಬರೋ ಪೆಕ್ಟಿನ್‌ನಿಂದ ಮಾಡಿದ್ದು ಹುಡುಕಿ ತಗೊಳ್ಳಿ.

ಜೆರ್ಸಿ ಅಮ್ಮ:
ಅಯ್ಯೋ ಎಷ್ಟು ಒಳ್ಳೇ ಮಾಹಿತಿ, ಎಳ್ಳಿನ ವಿಷಯ ಗೊತ್ತೇ ಇರ್ಲಿಲ್ಲ, ಈಗಲೇ ಅವರಿಗೆ ಮೆಸೇಜ್ ಮಾಡ್ತೀನಿ. ಮಮ್ಮಿ ಮತ್ತೆ ಇಡ್ಲಿ ಕಣ್ಣು ಎರಡೂ ಫಿಕ್ಸ್. ಸಿಹಿ ಏನಾದ್ರೂ ಬೇಕು, ಆದ್ರೆ ಮಕ್ಕಳು ಆಮೇಲೆ ಚೀಲಗಟ್ಲೆ ಕ್ಯಾಂಡಿ ತರ್ತಾರೆ ಅನ್ನೋದೂ ತಲೇಲಿದೆ. ಮತ್ತೆ ನಮ್ಮನೆಯವರು ಪಂಚ್ ಬೌಲ್‌ಗೆ ಡ್ರೈ ಐಸ್ ಹಾಕಿ ಹೊಗೆ ಬರಿಸೋಣ ಅಂತಿದಾರೆ, ಮಕ್ಕಳಿರೋ ಕಡೆ ಸೇಫಾ?

ಓವನ್ ಪ್ರೇಮಿ:
ಸಿಹಿಗೆ ಹಣ್ಣೇ ಸಾಕು. ಕ್ಲೆಮೆಂಟೈನ್ (ಸಣ್ಣ ಕಿತ್ತಳೆ) ಸುಲಿದು ಮಧ್ಯದ ತೂತಿಗೆ ಸೆಲರಿ ಚೂರು ಸಿಗಿಸಿದ್ರೆ ಪುಟಾಣಿ ಕುಂಬಳಕಾಯಿ ರೆಡಿ. ಬಾಳೆಹಣ್ಣನ್ನ ಅಡ್ಡಕ್ಕೆ ಅರ್ಧ ಕತ್ತರಿಸಿ ನಿಲ್ಲಿಸಿ, ಮಿನಿ ಚಾಕೊಲೇಟ್ ಚಿಪ್ಸ್ ಎರಡು ಕಣ್ಣಿಗೆ, ಬಾಯಿಗೆ ಒಂದು ದೊಡ್ಡದು, ಬಾಯಿ ತೆರೆದ ದೆವ್ವ. ಚಿಪ್ಸ್‌ಗೂ ಲೇಬಲ್ ನೋಡಿ. ಕಪ್ಪಾಗದೇ ಇರ್ಲಿ ಅಂತ ಕಿತ್ತಳೆ ರಸ ಸವರಿ, ಆದ್ರೂ ಇದನ್ನ ಕೊನೇ ಅರ್ಧ ಗಂಟೇಲೇ ಮಾಡೋದು ಒಳ್ಳೇದು. ಸ್ಟ್ರಾಬೆರಿಯನ್ನ ವೈಟ್ ಚಾಕೊಲೇಟ್‌ನಲ್ಲಿ ಅದ್ದಿ ಬಾಲ ಎಳೆದು ದೆವ್ವ ಮಾಡೋದೂ ಚಂದ, ಹಣ್ಣಿನ ಮೇಲೆ ಒಂದು ಹನಿ ನೀರಿದ್ರೂ ಚಾಕೊಲೇಟ್ ಗಂಟುಗಂಟಾಗಿ ಕೆಟ್ಟುಹೋಗತ್ತೆ, ಅದಕ್ಕೆ ಬಟ್ಟೇಲಿ ಒರೆಸಿ ಅರ್ಧ ಗಂಟೆ ಹರವಿಡಿ. ದ್ರಾಕ್ಷಿಯನ್ನ ಕಣ್ಣು ಅಂತ ಇಡಬೇಡಿ, ಯಾರದಾದ್ರೂ ಚಿಕ್ಕ ತಮ್ಮ ತಂಗಿ ಬಂದೇ ಬರ್ತಾರೆ, ಗಂಟಲಲ್ಲಿ ಸಿಕ್ಕಿಕೊಳ್ಳತ್ತೆ. ಇಟ್ರೂ ಉದ್ದಕ್ಕೆ ನಾಲ್ಕು ಹೋಳು ಮಾಡಿ.

ಲೇಬಲ್ ಓದುವವನು:
ಡ್ರೈ ಐಸ್ ಕುಡಿಯೋ ಪಂಚ್‌ಗೆ ಬೇಡವೇ ಬೇಡ. ಅದು ಹೆಪ್ಪುಗಟ್ಟಿದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ ಸೆಲ್ಸಿಯಸ್, ಒಂದು ಚೂರು ಲೋಟಕ್ಕೆ ಬಂದು ಮಗು ನುಂಗಿದ್ರೆ ಹೊಟ್ಟೆ ಒಳಗೇ ಗಾಯ ಆಗತ್ತೆ, ಬರೀ ಕೈಯಲ್ಲಿ ಮುಟ್ಟಿದ್ರೂ ಚರ್ಮ ಸುಡತ್ತೆ. ಹೊಗೆ ಬೇಕಂದ್ರೆ ದೊಡ್ಡ ಪಾತ್ರೆ ಒಳಗೆ ಸಣ್ಣ ಪಂಚ್ ಬೌಲ್ ಇಟ್ಟು, ಹೊರಗಿನ ಪಾತ್ರೇಲಿ ಬಿಸಿನೀರು, ಆ ನೀರಿಗೆ ಮಾತ್ರ ಡ್ರೈ ಐಸ್, ಅದೂ ಮಕ್ಕಳ ಕೈಗೆ ಎಟುಕದ ಟೇಬಲ್ ಮೇಲೆ, ದಪ್ಪ ಗ್ಲೌಸ್ ಹಾಕಿ, ಕಿಟಕಿ ತೆರೆದಿಟ್ಟು. ಬರೋದು ಕಾರ್ಬನ್ ಡೈಆಕ್ಸೈಡ್, ಮುಚ್ಚಿದ ರೂಮಲ್ಲಿ ತುಂಬ್ಕೊಳ್ಳತ್ತೆ. ಉಳಿದ ಚೂರನ್ನ ಬಾಟಲೀಲಿ ಹಾಕಿ ಮುಚ್ಚಳ ಮುಚ್ಚಬೇಡಿ, ಸಿಡಿಯತ್ತೆ. ಮತ್ತೆ ಪನೀರ್ ಮಮ್ಮಿ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡೋದು ಬೇಡ, ಅರ್ಧ ಮೊದಲು ಇಟ್ಟು ಉಳಿದಿದ್ದು ಆಮೇಲೆ ಬೇಯಿಸಿ.

ಧಾರವಾಡದಾಕಿ:
ಅಲರ್ಜಿ ಹುಡುಗನ ತಟ್ಟಿ ಬ್ಯಾರೆ ಮಾಡಬ್ಯಾಡ್ರಿ ಅಕ್ಕಾ. ಎಲ್ಲಾನೂ ನಟ್ ಇಲ್ಲದ್ದನ್ನೇ ಮಾಡ್ರಿ, ಅವನೂ ಎಲ್ಲಾರ ಜೋಡಿ ಅದೇ ಬಟ್ಟಲದಾಗ ಕೈ ಹಾಕ್ಲಿ.